ಸ್ವಿಚ್ ಬಣ್ಣ ಆಮೇಲೆ, ಮೊದಲು ಕೀಬೋರ್ಡಿನ ಅಗಲ ನೋಡಿ

ಮೇಡಂ, ನಿಮ್ಮ ಪ್ರಶ್ನೆ ಓದಿದೆ. ದಿನಕ್ಕೆ ಏಳೆಂಟು ಗಂಟೆ ಅನುವಾದ ಟೈಪ್ ಮಾಡುತ್ತೀರಿ. ಈಗಿರುವುದು 104 ಕೀಗಳ ಮಾಮೂಲಿ ಕೀಬೋರ್ಡ್. ಸಂಜೆ ಹೊತ್ತಿಗೆ ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆ ನೋವು, ಬಲ ಭುಜವೂ ಹಿಡಿದುಕೊಳ್ಳುತ್ತದೆ. ಮೆಕ್ಯಾನಿಕಲ್ ಕೀಬೋರ್ಡ್, ಅಂದರೆ ಪ್ರತಿ ಕೀಯ ಕೆಳಗೂ ಸ್ಪ್ರಿಂಗ್ ಇರುವ ಒಂದೊಂದು ಬಿಡಿ ಸ್ವಿಚ್ ಇರುವಂಥದ್ದು, ತಗೊಳ್ಳೋಣ ಅಂತಿದ್ದೀರಿ. ನೀಲಿ, ಕಂದು, ಕೆಂಪು ಸ್ವಿಚ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಮೇಲೆ ಆಗಲೇ ಒಬ್ಬೊಬ್ಬರು ಒಂದೊಂದು ಬಣ್ಣ ಹೇಳಿದ್ದಾರೆ. ನಾನು ಬಣ್ಣದ ಮಾತಿಗೆ ಆಮೇಲೆ ಬರುತ್ತೇನೆ. ನೀವು ಹೇಳಿದ ಎರಡೂ ನೋವು ಸ್ವಿಚ್ ಬದಲಿಸಿದರೆ ಹೋಗುವಂಥವು ಅಂತ ನನಗೆ ಅನಿಸುತ್ತಿಲ್ಲ.

ಮೊದಲು ಬಲ ಭುಜ. ದೊಡ್ಡ ಕೀಬೋರ್ಡಿನಲ್ಲಿ ಬಲಗಡೆ ಅಂಕಿಗಳ ಪ್ಯಾಡ್ ಇರುತ್ತದೆ, ಮೌಸ್ ಅದರಾಚೆ ಹೋಗಿ ಕೂರುತ್ತದೆ. ಒಂದು ಸಲ ಹೀಗೆ ಮಾಡಿ ನೋಡಿ. ಬಿ ಅಕ್ಷರದ ಕೀ ನಿಮ್ಮ ಹೊಕ್ಕುಳ ನೇರಕ್ಕೆ ಬರುವಂತೆ ಕೀಬೋರ್ಡ್ ಇಡಿ. ಈಗ ಮೌಸ್ ಹಿಡಿಯಿರಿ. ಮೊಣಕೈ ಪಕ್ಕೆಲುಬಿನಿಂದ ಎಷ್ಟು ದೂರ ಹೋಯಿತು? ಇಡೀ ದಿನ ಆ ಕೈ ಹಾಗೇ ಚಾಚಿಕೊಂಡು ಇರುತ್ತದೆ. ಭುಜ ನೋಯದೆ ಇನ್ನೇನು ಮಾಡುತ್ತದೆ ಹೇಳಿ! ಅಂಕಿ ಪ್ಯಾಡ್ ಇಲ್ಲದ 87 ಕೀಗಳ ಕೀಬೋರ್ಡ್ ಬರುತ್ತದೆ, ಟೆನ್‌ಕೀಲೆಸ್ ಅನ್ನುತ್ತಾರೆ. ಅದನ್ನು ತೆಗೆದುಕೊಂಡರೆ ಮೌಸ್ ಸುಮಾರು 8 ಸೆಂ.ಮೀ. ಹತ್ತಿರ ಬರುತ್ತದೆ. ಕೇಳಲು ಕಡಿಮೆ ಅನಿಸಬಹುದು, ಆದರೆ ಭುಜಕ್ಕೆ ಎರಡೇ ದಿನದಲ್ಲಿ ಗೊತ್ತಾಯಿತು, ನನ್ನ ಮಟ್ಟಿಗಂತೂ. ಅನುವಾದದ ಕೆಲಸದಲ್ಲಿ ಅಂಕಿ ಪ್ಯಾಡ್ ಎಷ್ಟು ಸಲ ಮುಟ್ಟುತ್ತೀರಿ? ಲೆಕ್ಕಪತ್ರ ಬರೆಯುವವರಾದರೆ ಮಾತು ಬೇರೆ; ಅವರು ಬಿಡಿ ಪ್ಯಾಡ್ ಒಂದು ತಂದು ಎಡಗಡೆ ಇಟ್ಟುಕೊಳ್ಳಬಹುದು.

ಇನ್ನು ಮಣಿಕಟ್ಟು. ಕೀಬೋರ್ಡ್ ಪಕ್ಕಕ್ಕಿಟ್ಟು, ಎರಡೂ ಕೈಗಳನ್ನು ಮೇಜಿನ ಮೇಲೆ ಸುಮ್ನೆ ಚಾಚಿ. ಮುಂಗೈ, ಅಂಗೈ ಒಂದೇ ಗೆರೆಯಲ್ಲಿರುತ್ತವೆ. ಈಗ ಅದೇ ಕೈಗಳನ್ನು ಕೀಬೋರ್ಡಿನ ನಡುಸಾಲಿಗೆ, ಎಫ್ ಮತ್ತು ಜೆ ಮೇಲಿನ ಉಬ್ಬುಗೆರೆಗಳಿಗೆ ತನ್ನಿ. ತೋಳುಗಳು ಭುಜದ ಅಗಲದಿಂದ ಹೊರಟು ನಡುವಿನಲ್ಲಿ ಹತ್ತಿರ ಬರುತ್ತವೆ, ಆದರೆ ಬೆರಳುಗಳು ನೇರ ಮುಂದಕ್ಕೆ ನೋಡಬೇಕು. ಹಾಗಾಗಿ ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗಿ ನಿಲ್ಲುತ್ತದೆ. ನಿಮಗೆ ನೋಯುತ್ತಿರುವುದೂ ಅದೇ ಕಡೆ, ಅಲ್ವಾ?

ಇದಕ್ಕೆ ಇರುವ ದಾರಿ ಎರಡು ಭಾಗವಾಗಿ ಒಡೆದ ಕೀಬೋರ್ಡ್. ಇದರಲ್ಲಿ ಎರಡು ಬಗೆ. ಒಂದೇ ತುಂಡಾಗಿದ್ದು ನಡುವೆ ಓರೆಯಾಗಿ ಸೀಳಿದ್ದು ಒಂದು. ಮೈಕ್ರೋಸಾಫ್ಟ್ 1994ರಲ್ಲಿ ನ್ಯಾಚುರಲ್ ಕೀಬೋರ್ಡ್ ಅಂತ ತಂದಿತ್ತಲ್ಲ, ಆ ಆಕಾರ. ಒಂದು ವಾರದಲ್ಲಿ ಕೈ ಹೊಂದಿಕೊಳ್ಳುತ್ತದೆ. ಇನ್ನೊಂದರಲ್ಲಿ ಎರಡು ತುಂಡು ಬೇರೆ ಬೇರೆ ಇರುತ್ತವೆ, ಭುಜದ ಅಗಲಕ್ಕೆ ತಕ್ಕಂತೆ ದೂರ ಇಡಬಹುದು, ಹೆಬ್ಬೆರಳಿನ ಕಡೆ ಸ್ವಲ್ಪ ಎತ್ತರಿಸಿ ಡೇರೆಯ ಹಾಗೆ ಓರೆ ಮಾಡಬಹುದು. ಅಂಗೈ ಮೇಜಿಗೆ ಪೂರ್ತಿ ಮಗುಚಿಕೊಳ್ಳಬೇಕಾಗಿಲ್ಲ. ನಾನೀಗ ಬಳಸುತ್ತಿರುವುದು ಇದೇ. ಆದರೆ ಮೊದಲ ಹದಿನೈದು ದಿನ ನನ್ನ ವೇಗ ಅರ್ಧಕ್ಕಿಳಿದಿತ್ತು, ಸಿಟ್ಟು ಬರುತ್ತಿತ್ತು. ಬಿ ಕೀಯನ್ನು ಇಷ್ಟು ವರ್ಷ ತಪ್ಪು ಕೈಯಲ್ಲಿ ಒತ್ತುತ್ತಿದ್ದೆ ಅಂತ ಗೊತ್ತಾಗಿದ್ದೇ ಆಗ. ಕೆಲಸ ತಲೆಯ ಮೇಲಿರುವಾಗ ಇದನ್ನು ಶುರು ಮಾಡಬೇಡಿ.

ಇವತ್ತೇ ಮಾಡಬಹುದಾದ್ದು ಒಂದಿದೆ. ಕೀಬೋರ್ಡಿನ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿಬಿಡಿ. ಅವನ್ನು ನಿಲ್ಲಿಸಿದರೆ ಹಿಂಭಾಗ ಏರುತ್ತದೆ, ಅಂಗೈ ಹಿಂದಕ್ಕೆ ಬಾಗುತ್ತದೆ. ಕೀ ನೋಡಿಕೊಂಡು ಟೈಪ್ ಮಾಡುವವರಿಗೆ ಅನುಕೂಲ ಇರಬಹುದು, ಮಣಿಕಟ್ಟಿಗೆ ಮಾತ್ರ ಇಲ್ಲ. ಮೆಕ್ಯಾನಿಕಲ್ ಕೊಳ್ಳುವವರು ಮರೆಯುವ ವಿಷಯವೂ ಇಲ್ಲೇ ಇದೆ: ಅವು ದಪ್ಪ. ತೆಳ್ಳನೆಯ ಕೀಬೋರ್ಡಿನಲ್ಲಿ ನೇರವಾಗಿದ್ದ ಮಣಿಕಟ್ಟು ಇದರಲ್ಲಿ ಮೇಲಕ್ಕೆ ಬಾಗಬಹುದು. ಭುಜ ಸಡಿಲ ಬಿಟ್ಟು ಕೂತಾಗ ಮೊಣಕೈ ಎಷ್ಟು ಎತ್ತರದಲ್ಲಿರುತ್ತದೋ ಕೀಗಳು ಅಷ್ಟೇ ಎತ್ತರದಲ್ಲಿ, ಇಲ್ಲವೇ ಸ್ವಲ್ಪ ಕೆಳಗೆ ಇರಬೇಕು. ಮೇಜು ತಗ್ಗಿಸಲು ಆಗದಿದ್ದರೆ ಕುರ್ಚಿ ಏರಿಸಿ, ಕಾಲಡಿಗೆ ಒಂದು ಮಣೆ ಇಟ್ಟುಕೊಳ್ಳಿ. ಮಣಿಕಟ್ಟಿನ ದಿಂಬು ಅಂತ ಮಾರುತ್ತಾರಲ್ಲ, ಅದರ ಮೇಲೆ ಮಣಿಕಟ್ಟು ಊರಿಕೊಂಡು ಟೈಪ್ ಮಾಡಬಾರದು. ಯೋಚಿಸಲು ನಿಂತಾಗ ಅಂಗೈಯ ಬುಡ ಊರಲು ಅದು ಇರುವುದು.

ಸರಿ, ಈಗ ಬಣ್ಣ. ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್‌ಗಳ ಲೆಕ್ಕದಲ್ಲಿ ಹೇಳುತ್ತೇನೆ. ಉಳಿದ ಕಂಪನಿಗಳವರೂ ಹೆಚ್ಚುಕಡಿಮೆ ಅದೇ ಬಣ್ಣ ಇಟ್ಟುಕೊಂಡಿದ್ದಾರೆ. ಕೀ ಒಟ್ಟು 4 ಮಿ.ಮೀ. ಕೆಳಗಿಳಿಯುತ್ತದೆ, ಸುಮಾರು 2 ಮಿ.ಮೀ.ಗೇ ಅಕ್ಷರ ಮೂಡುತ್ತದೆ. ಕೆಂಪಿಗೆ ಸುಮಾರು 45 ಗ್ರಾಂ ಒತ್ತಡ ಸಾಕು, ನಡುವೆ ಯಾವ ತಡೆಯೂ ಇಲ್ಲ. ಕಂದಿಗೆ 55ರ ಹತ್ತಿರ, ಅರ್ಧ ದಾರಿಯಲ್ಲಿ ಬೆರಳಿಗೆ ಸಣ್ಣ ಉಬ್ಬು ಸಿಗುತ್ತದೆ. ನೀಲಿಗೆ 60ರ ಹತ್ತಿರ, ಉಬ್ಬಿನ ಜೊತೆ ಟಿಕ್ ಅಂತ ಸದ್ದು. ಅಕ್ಷರ ಮೂಡಿದ್ದು ಬೆರಳಿಗೆ ಗೊತ್ತಾದರೆ ತಳದವರೆಗೆ ಗುದ್ದುವುದು ತಪ್ಪುತ್ತದೆ ಅನ್ನುವುದು ಉಬ್ಬಿನ ಹಿಂದಿನ ಲೆಕ್ಕಾಚಾರ.

ನಾನು ಮೊದಲು ಕೊಂಡಿದ್ದು ನೀಲಿ. ಸದ್ದಿಗೆ ಮರುಳಾಗಿ ಇನ್ನಷ್ಟು ಜೋರಾಗಿ ಕುಟ್ಟತೊಡಗಿದೆ. ತಿಂಗಳೊಪ್ಪತ್ತಿನಲ್ಲಿ ಬೆರಳ ಗಿಣ್ಣು ನೋಯತೊಡಗಿತು, ಮನೆಯವರು ರಾತ್ರಿ ಹೊತ್ತು ಕೋಣೆಯ ಬಾಗಿಲು ಹಾಕಿಸಿದರು. ಆಮೇಲೆ ಹಗುರ ಅಂದ್ರೆ ಹಗುರ ಅಂತ 35 ಗ್ರಾಂನದ್ದು ಹಾಕಿಸಿದೆ. ಬೆರಳು ಇಟ್ಟರೆ ಸಾಕು, ಬೇಡದ ಅಕ್ಷರ ಬರುತ್ತಿತ್ತು. ಈಗ ಕಂದಿನಲ್ಲಿದ್ದೇನೆ. ನಿಮ್ಮ ಬೆರಳಿನ ಭಾರ ನನಗೆ ಗೊತ್ತಿಲ್ಲವಾದ್ದರಿಂದ ಹಾಟ್‌ಸ್ವಾಪ್ ಇರುವ ಬೋರ್ಡ್ ತೆಗೆದುಕೊಳ್ಳಿ. ಬೆಸುಗೆ ಬಿಚ್ಚದೆ ಸ್ವಿಚ್ ಕಿತ್ತು ಬೇರೆಯದು ಹಾಕಬಹುದು. ಅಂದಹಾಗೆ, ಲ್ಯಾಪ್‌ಟಾಪ್ ಥರದ ತೆಳ್ಳನೆಯ ಕೀಗಳಲ್ಲಿ ದಿನವಿಡೀ ಹಾಯಾಗಿ ಟೈಪ್ ಮಾಡುವವರೂ ಇದ್ದಾರೆ. ಮೆಕ್ಯಾನಿಕಲ್ ಅಂದ ಮಾತ್ರಕ್ಕೆ ಕೈಗೆ ಹಿತ ಅಂತ ನಂಬಬೇಡಿ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ತೊಂದರೆ ಇದೆ. ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸದಲ್ಲಿ ಮಹಾಪ್ರಾಣಕ್ಕೆ ಶಿಫ್ಟ್, ದೀರ್ಘಕ್ಕೆ ಶಿಫ್ಟ್. ಇಂಗ್ಲಿಷಿನಲ್ಲಿ ವಾಕ್ಯಕ್ಕೊಂದೆರಡು ಸಲ ಒತ್ತುವ ಕೀಯನ್ನು ನಾವು ಮಾತುಮಾತಿಗೂ ಒತ್ತುತ್ತೇವೆ, ಅದೂ ಪಾಪದ ಕಿರುಬೆರಳಿನಲ್ಲಿ. ಎಡಗೈ ಅಕ್ಷರಕ್ಕೆ ಬಲಗಡೆಯ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡಗಡೆಯದು, ಇದನ್ನು ರೂಢಿ ಮಾಡಿಕೊಳ್ಳಿ. ಹಾಗಾಗಿ ಬಲ ಶಿಫ್ಟ್ ಮೋಟಾಗಿರುವ ಪುಟಾಣಿ ಕೀಬೋರ್ಡ್ ಬೇಡ. ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಅಂತ ಒಂದು ಸೌಲಭ್ಯ ಇದೆ: ಶಿಫ್ಟ್ ಒಮ್ಮೆ ಒತ್ತಿ ಬಿಟ್ಟರೆ ಮುಂದಿನ ಅಕ್ಷರಕ್ಕೆ ಅನ್ವಯ ಆಗುತ್ತದೆ, ಹಿಡಿದುಕೊಂಡೇ ಇರಬೇಕಾಗಿಲ್ಲ. ಎರಡು ತುಂಡಿನ ಕೀಬೋರ್ಡುಗಳಲ್ಲಿ ಹಲವಕ್ಕೆ ಯಾವ ಕೀ ಏನು ಕೆಲಸ ಮಾಡಬೇಕು ಅಂತ ಬದಲಿಸುವ ಸೌಲಭ್ಯ ಇರುತ್ತದೆ. ನಾನು ಶಿಫ್ಟನ್ನು ಹೆಬ್ಬೆರಳಿಗೆ ಕೊಟ್ಟುಬಿಟ್ಟೆ. ನನಗೆ ಅತಿ ಹೆಚ್ಚು ಆರಾಮ ಸಿಕ್ಕಿದ್ದು ಇದರಿಂದಲೇ.

ಮೇಲೆ ಒಬ್ಬರು ಡ್ವೊರಾಕ್ ಕಲಿಯಿರಿ ಅಂದಿದ್ದಾರೆ. ಕೀಗಳ ಮೇಲೆ ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಜೋಡಿಸುವ, 1936ರಲ್ಲೇ ಪೇಟೆಂಟ್ ಆದ ವಿನ್ಯಾಸ ಅದು, ಆದರೆ ಇಂಗ್ಲಿಷ್ ಅಕ್ಷರಗಳ ಬಳಕೆ ನೋಡಿ ಹೊಂದಿಸಿದ್ದು. ಕನ್ನಡಕ್ಕೆ ಅದರಿಂದ ಲಾಭ ಇಲ್ಲ.

ಒಂದು ಎಚ್ಚರಿಕೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ, ಅಥವಾ ಕಿರುಬೆರಳು ಮರಗಟ್ಟುತ್ತಿದ್ದರೆ ಅದು ನರಕ್ಕೆ ಸಂಬಂಧಿಸಿದ್ದಿರಬಹುದು. ಆಗ ಕೀಬೋರ್ಡ್ ಹುಡುಕುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.

ನಾನಾಗಿದ್ದರೆ ಈ ವಾರ ಕೀಬೋರ್ಡಿನ ಕಾಲು ಮಡಚಿ, ಮೌಸನ್ನು ಎಡಗೈಗೆ ಕೊಟ್ಟು ನೋಡುತ್ತಿದ್ದೆ. ಭುಜದ ನೋವು ತಗ್ಗಿ ಮಣಿಕಟ್ಟಿನದು ಉಳಿದರೆ ನಡುವೆ ಸೀಳಿದ ಒಂದೇ ತುಂಡಿನದು, ಆದರೆ ಅಂಕಿ ಪ್ಯಾಡ್ ಇಲ್ಲದ್ದನ್ನೇ ಹುಡುಕಿ. ಎರಡೂ ತಗ್ಗಿದರೆ 87 ಕೀಗಳದ್ದು ಸಾಕು. ನಿಮ್ಮ ಮೇಜಿನ ಎತ್ತರ, ಕೂತಾಗ ನೆಲದಿಂದ ಮೊಣಕೈ ಎಷ್ಟು ಎತ್ತರ ಬರುತ್ತದೆ, ಇವೆರಡನ್ನು ಅಳೆದು ಇಲ್ಲೇ ಹಾಕಿ. ದಪ್ಪ ಬೋರ್ಡ್ ನಿಮಗೆ ಆಗುತ್ತದೋ ಇಲ್ಲವೋ ಆಮೇಲೆ ಹೇಳಬಹುದು.