ಬೇಸಿಗೆಗೆ ಹಗುರಾದ ಸಿಹಿ ಯಾವ್ದು?

ಪ್ರಶ್ನೆ: ಮೇಡಂ, ಸೆಕೆ ದಿನದಲ್ಲಿ ಕ್ರೀಮ್ ಕೇಕು, ಚಾಕ್ಲೇಟು ತಿಂದ್ರೆ ಹೊಟ್ಟೆ ಭಾರ ಅನ್ಸುತ್ತೆ. ಸ್ಕ್ಯಾಂಡಿನೇವಿಯಾ ಕಡೆಯವ್ರು ಬೇಸಿಗೇಲಿ ಹಣ್ಣಿನ ಸಿಹಿ ಏನ್ ಮಾಡ್ತಾರೆ? ಡೆನ್ಮಾರ್ಕಿನ ಕೆಂಪು ಹಣ್ಣಿನ ಗಂಜಿ ಒಂದ್ಸಲ ಮಾಡ್ದೆ, ಗೋಂದಿನ ಥರ ಅಂಟಂಟಾಯ್ತು, ಯಾಕೆ?

ಉತ್ತರ: ನೀವು ಮಾಡಿದ್ದು ರೋಡ್‌ಗ್ರೋಡ್ ಮೆಡ್ ಫ್ಲೋಡೆ, ಹೊರಗಿನವ್ರ ಬಾಯಲ್ಲಿ ಆ ಹೆಸ್ರು ಹೇಳ್ಸಿ ನಗೋದು ಡೇನರಿಗೆ ಒಂದ್ ಆಟ! ಸ್ಟ್ರಾಬೆರಿ, ರಾಸ್ಪ್‌ಬೆರಿ, ರೆಡ್‌ಕರಂಟ್ ಎಲ್ಲಾ ಸಕ್ಕರೆ ಹಾಕಿ ಬೇಯ್ಸಿ, ಆಲೂಗಡ್ಡೆ ಸ್ಟಾರ್ಚಿಂದ ಗಟ್ಟಿ ಮಾಡಿ, ಮೇಲೆ ತಣ್ಣನೆ ಕ್ರೀಮ್ ಸುರಿಯೋದು. ನಿಮ್ದು ಕೆಟ್ಟಿದ್ದು ಸ್ಟಾರ್ಚ್ ಹಾಕಿದ್ಮೇಲೆ ತುಂಬಾ ಹೊತ್ತು ಕುದ್ಸಿದ್ದಕ್ಕೇ ಇರ್ಬೇಕು. ಪಾತ್ರೆ ಒಲೆಯಿಂದ ಇಳ್ಸಿ, ತಣ್ಣೀರಲ್ಲಿ ಕಲ್ಸಿದ ಸ್ಟಾರ್ಚನ್ನ ಸಣ್ಣ ಧಾರೆಯಾಗಿ ಬಿಡ್ತಾ ತಿರುವಿ, ಮತ್ತೆ ಒಲೆ ಮೇಲಿಟ್ಟು ಒಂದೇ ಒಂದು ಗುಳ್ಳೆ ಬಂದ ತಕ್ಷಣ ಇಳ್ಸ್‌ಬಿಡಿ, ಆಮೇಲೆ ಕೆನೆಗಟ್ಟದ ಹಾಗೆ ಮೇಲೆ ಚೂರು ಸಕ್ಕರೆ ಉದ್ರಿಸಿ ಆರೋಕ್ ಬಿಡಿ.

ಒಲೆನೇ ಬೇಡ ಅಂದ್ರೆ ಅದೇ ದೇಶದ ಕೋಲ್ಡ್‌ಸ್ಕೋಲ್ ಇದೆ. ಮಜ್ಜಿಗೆಗೆ ಮೊಟ್ಟೆಯ ಹಳದಿ, ಸಕ್ಕರೆ, ವೆನಿಲ್ಲಾ, ನಿಂಬೆ ಸೇರ್ಸಿ ಫ್ರಿಜ್ಜಲ್ಲಿಟ್ಟು, ಬಡಿಸೋವಾಗ ಗರಿಗರಿ ಪುಟ್ಟ ಬಿಸ್ಕತ್ತು, ಸ್ಟ್ರಾಬೆರಿ ಹಾಕೋದು. ಹಸಿ ಮೊಟ್ಟೆ ಬೇಡಾಂದ್ರೆ ಬಿಟ್ಬಿಡಿ, ರುಚಿ ಏನೂ ಕೆಡಲ್ಲ.

ಸ್ವೀಡನ್‌ನಲ್ಲಿ ಜೂನ್ 19ರಿಂದ 25ರ ನಡುವೆ ಬರೋ ಶುಕ್ರವಾರ, ಮಿಡ್‌ಸಮರ್ ಹಬ್ಬಕ್ಕೆ ಸ್ಟ್ರಾಬೆರಿ ಕೇಕೇ ಬೇಕು, ಆದ್ರೆ ಅದ್ರಲ್ಲೂ ಕ್ರೀಮ್ ರಾಶಿ ಇರುತ್ತೆ, ನಿಮ್ ಹೊಟ್ಟೆಗೆ ಆಗ್‌ಬರಲ್ಲ.