ಡೇಟಾ 70 ಅಕ್ಷರಗಳು ಒಂದು ಕಡೆ ಉಬ್ಬಿರುವುದೇಕೆ? ಕನ್ನಡದಲ್ಲಿ ಹಾಗೆ ಬರೆಯಬಹುದೇ?

ನಿಮ್ಮ ಸೈನ್ಸ್ ಫಿಕ್ಷನ್ ನಾಟಕದ ಪೋಸ್ಟರ್‌ಗೆ ಡೇಟಾ 70 ಫಾಂಟ್ ಹಿಡಿಸಿದೆ, ಅದರ ಆಕಾರ ಹಾಗೇಕಿದೆ, ಎಲ್ಲಿ ಒಪ್ಪುತ್ತದೆ, ನಾಟಕದ ಹೆಸರನ್ನು ಕನ್ನಡದಲ್ಲೂ ಅದೇ ಧಾಟಿಯಲ್ಲಿ ಬರೆಯಬಹುದೇ ಅಂತ ಕೇಳಿದ್ದೀರಿ. ಪೋಸ್ಟರ್‌ಗಳಿಗೆ, ಮುಖಪುಟಗಳಿಗೆ ಅಕ್ಷರ ಬರೆಯುವುದೇ ನನ್ನ ಕೆಲಸ. ಖಂಡಿತ ಬರೆಯಬಹುದು. ಆದರೆ ಆ ಉಬ್ಬು ಎಲ್ಲಿಂದ ಬಂತು ಅನ್ನೋದನ್ನು ಮೊದಲು ನೋಡೋಣ.

ಮನೆಯಲ್ಲಿ ಚೆಕ್‌ಬುಕ್ ಇದ್ದರೆ ತೆಗೆದು, ಹಾಳೆಯ ತಳದ ಬಿಳಿ ಪಟ್ಟಿ ನೋಡಿ. ಅಲ್ಲಿರುವ ಕಪ್ಪು ಅಂಕಿಗಳಿಗೆ ಇ-13ಬಿ ಅಂತ ಹೆಸರು. ಡೇಟಾ 70ರ ಮೂಲ ಅದೇ. 1950ರ ದಶಕದಲ್ಲಿ ಅಮೆರಿಕದ ಬ್ಯಾಂಕುಗಳಲ್ಲಿ ಚೆಕ್‌ಗಳು ರಾಶಿ ಬಿದ್ದು, ಕೈಯಲ್ಲಿ ವಿಂಗಡಿಸಿ ಪೂರೈಸದಂತಾಯಿತು. ಬ್ಯಾಂಕ್ ಆಫ್ ಅಮೆರಿಕ ಮತ್ತು ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸೇರಿ, ಕಾಂತೀಯ ಶಾಯಿಯಲ್ಲಿ ಅಚ್ಚಾದ ಅಂಕಿಗಳನ್ನು ಯಂತ್ರ ಓದುವ ವ್ಯವಸ್ಥೆ ಕಟ್ಟಿದವು. ಆ ದಶಕ ಮುಗಿಯುವ ಹೊತ್ತಿಗೆ ಇ-13ಬಿ ಅಲ್ಲಿನ ಬ್ಯಾಂಕುಗಳ ಒಪ್ಪಿತ ಅಂಕಿಯಾಗಿತ್ತು. 1980ರ ದಶಕದಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಮ್ಮಲ್ಲಿಗೂ ತಂದಿತು. ಬೆಂಗಳೂರಿನ ಶಾಖೆಯ ಚೆಕ್ಕಾದರೆ ಆ ಪಟ್ಟಿಯ 9 ಅಂಕಿಗಳ ಎಂಐಸಿಆರ್ ಕೋಡ್ (ಕಾಂತೀಯ ಶಾಯಿಯಲ್ಲಿ ಅಚ್ಚಾದ, ಶಾಖೆಯನ್ನು ಗುರುತಿಸುವ ಸಂಖ್ಯೆ) 560ರಿಂದ ಶುರುವಾಗುತ್ತದೆ.

ಈಗ 1ನ್ನೂ 0ಯನ್ನೂ ಪಕ್ಕಪಕ್ಕ ಇಟ್ಟು ನೋಡಿ. 1ರ ಮೇಲ್ಭಾಗ ತೆಳು, ಬುಡ ದಪ್ಪ. 0ಗೆ ಎರಡು ಬದಿಯೂ ಒಂದೇ ಸಮ, ಉಬ್ಬೇ ಇಲ್ಲ. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ಶಾಯಿಯಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಯಂತ್ರ ಮೊದಲು ಅದನ್ನು ಕಾಂತೀಕರಿಸಿ, ಆಮೇಲೆ ಒಂದು ಹೆಡ್‌ನ ಮುಂದೆ ಚೆಕ್ಕನ್ನು ಹಾಯಿಸುತ್ತದೆ. ಹೆಡ್‌ಗೆ ಅಂಕಿಯ ಆಕಾರ ಕಾಣುವುದಿಲ್ಲ. ಒಂದು ಸಪೂರ ನಿಲುಗೆರೆಯಷ್ಟು ಜಾಗದಲ್ಲಿ ಒಟ್ಟು ಎಷ್ಟು ಶಾಯಿ ಇದೆ, ಮುಂದಿನ ಗೆರೆಗೆ ಅದು ಹೆಚ್ಚಿತೋ ಇಳಿಯಿತೋ, ಅಷ್ಟೇ ಅದಕ್ಕೆ ಗೊತ್ತಾಗುವುದು. ಆ ಏರಿಳಿತವೇ ವಿದ್ಯುತ್ತಿನ ಅಲೆಯಾಗುತ್ತದೆ. ಪ್ರತಿ ಅಂಕಿಯ ಅಲೆಯೂ ಬೇರೆಯಾಗಿರಲಿ ಅಂತಲೇ ದಪ್ಪವನ್ನು ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಇಟ್ಟಿದ್ದಾರೆ. ಅಂಕಿಯ ಮೇಲೆ ಸಹಿಯೋ ಸೀಲೋ ಬಿದ್ದರೂ ಯಂತ್ರ ಎಡವುವುದಿಲ್ಲ, ಮಾಮೂಲಿ ಶಾಯಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಇಷ್ಟು ಅಚ್ಚುಕಟ್ಟಾದ ವಿನ್ಯಾಸ ಕಂಡರೆ ನನಗೆ ಇವತ್ತಿಗೂ ಗೌರವ.

ಇ-13ಬಿಯಲ್ಲಿರುವುದು ಬರೀ ಹತ್ತು ಅಂಕಿ, ನಾಲ್ಕು ಚಿಹ್ನೆ. ಎ, ಬಿ, ಸಿ ಇಲ್ಲವೇ ಇಲ್ಲ. ಆ ಮೈಕಟ್ಟನ್ನು ಇಡೀ ಇಂಗ್ಲಿಷ್ ವರ್ಣಮಾಲೆಗೆ ಹಬ್ಬಿಸಿದವರು ಅಕ್ಷರ ವಿನ್ಯಾಸಕರು. 1960ರ ದಶಕದಲ್ಲಿ ಲಿಯೋ ಮ್ಯಾಗ್ಸ್ ಅವರ ವೆಸ್ಟ್‌ಮಿನ್‌ಸ್ಟರ್ ಬಂತು, 1970ರಲ್ಲಿ ಲೆಟ್ರಾಸೆಟ್ ಕಂಪನಿಗೆ ಬಾಬ್ ನ್ಯೂಮನ್ ಡೇಟಾ 70 ಬರೆದರು. ಲೆಟ್ರಾಸೆಟ್ ಅಂದರೆ ಹಾಳೆಯ ಮೇಲೆ ಉಜ್ಜಿ ಅಕ್ಷರ ಇಳಿಸುವ ಶೀಟು. ದುಬಾರಿ ಟೈಪ್‌ಸೆಟ್ಟಿಂಗ್ ಬೇಕಿಲ್ಲದೆ ಯಾವ ಸಣ್ಣ ಸ್ಟುಡಿಯೋದವರೂ ಬಳಸಬಹುದಿತ್ತು. ಕಂಪ್ಯೂಟರ್, ಬಾಹ್ಯಾಕಾಶ, ರೋಬಾಟ್ ಅಂದಾಗಲೆಲ್ಲ ಈ ಅಕ್ಷರ ಕಾಣಿಸತೊಡಗಿತು.

ಹಾಗಾಗಿ ಇದು ಎಲ್ಲಿ ಒಪ್ಪುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. 1970ರ ಜನ ಕಲ್ಪಿಸಿಕೊಂಡಿದ್ದ ಭವಿಷ್ಯ ನಿಮ್ಮ ನಾಟಕದಲ್ಲಿದ್ದರೆ ಇದಕ್ಕಿಂತ ಒಳ್ಳೆಯ ಅಕ್ಷರ ಸಿಗಲಾರದು. ಕಥೆ ಇವತ್ತಿನ ಎಐ ಬಗ್ಗೆ ಇದ್ದರೆ ಬೇಡ, ನೋಡಿದವರು ಹಳೇ ಕಾಲದ ಕಥೆ ಅಂದುಕೊಳ್ಳುತ್ತಾರೆ. ಎರಡು ಮೂರು ಪದದ ಶೀರ್ಷಿಕೆಗೆ, ದೊಡ್ಡದಾಗಿ ಮಾತ್ರ ಬಳಸಿ. ದಿನಾಂಕ, ಸ್ಥಳ, ಫೋನ್ ನಂಬರ್ ಎಲ್ಲ ಸಾದಾ ಅಕ್ಷರದಲ್ಲಿರಲಿ.

ಕನ್ನಡಕ್ಕೆ ಬಂದರೆ, ಉಬ್ಬು ಎಲ್ಲಿರಬೇಕು ಅನ್ನೋದೇ ಮುಖ್ಯ ಪ್ರಶ್ನೆ. ನಮ್ಮ ಎಷ್ಟೋ ಅಕ್ಷರಗಳ ಗುರುತು ಇರುವುದು ಹೊಟ್ಟೆಯಲ್ಲಿ ಮತ್ತು ತಳದಲ್ಲಿ. ಹೊಟ್ಟೆಯೊಳಗಿನ ಗೆರೆ ಮುಚ್ಚಿಹೋದರೆ ಹೊಟ್ಟೆ ಸೀಳಿದ ಷ ಅಕ್ಷರ ಪ ಆಗಿಬಿಡುತ್ತದೆ. ತಳದಲ್ಲಿ ದಪ್ಪ ಮೆತ್ತಿದರೆ ಧ ಅಕ್ಷರದ ಸೀಳು ಮುಚ್ಚಿ ದ ಅಂತಲೇ ಓದುತ್ತಾರೆ. ಆದ್ದರಿಂದ ಉಬ್ಬನ್ನು ಬಲಬದಿಯ ಗೆರೆಗೆ ಕೊಡಿ, ಅದೂ ಹೊರಮುಖವಾಗಿ, ಹೊಟ್ಟೆಯ ಬಿಳಿ ಜಾಗ ತಿನ್ನದಂತೆ. ತಲೆಕಟ್ಟು ತೆಳ್ಳಗೆ ನೇರವಾಗಿರಲಿ. ಒತ್ತಕ್ಷರಕ್ಕೆ ಉಬ್ಬು ಬೇಡವೇ ಬೇಡ. ಎಲ್ಲ ಅಕ್ಷರಕ್ಕೂ ಉಬ್ಬು ಹಾಕುವ ಹಟವೂ ಬೇಡ, ಚೆಕ್ಕಿನ 0ಗೇ ಇಲ್ಲವಲ್ಲ.

ಗ್ರಾಫ್ ಹಾಳೆಯ ಮೇಲೆ ಶುರುಮಾಡಿ. ಇ-13ಬಿಯನ್ನೂ ಇಂಚಿನ 0.013 ಭಾಗದ ಚೌಕಗಳ ಲೆಕ್ಕದಲ್ಲೇ ಕಟ್ಟಿದ್ದಾರೆ. ತೆಳು ಗೆರೆಗೆ ಒಂದು ಚೌಕ, ಉಬ್ಬಿಗೆ ಮೂರು ಚೌಕ ಇಟ್ಟರೆ ವ್ಯತ್ಯಾಸ ದೂರಕ್ಕೂ ಕಾಣುತ್ತದೆ. ಮೂಲೆಗಳನ್ನು ಕೊಂಚ ದುಂಡಗೆ ಮಾಡಿ, ಆದರೆ ವೃತ್ತವಾಗಲು ಬಿಡಬೇಡಿ. ಇಂಗ್ಲಿಷ್ ಹೆಸರಿಗೆ ಡೇಟಾ 70 ಫಾಂಟನ್ನೇ ಬಳಸುವುದಾದರೆ ಲೈಸೆನ್ಸ್ ನೋಡಿಕೊಂಡು ಬಳಸಿ. ನಾಟಕದ ಹೆಸರು ತಿಳಿಸಿ, ಅದರಲ್ಲಿ ಒತ್ತಕ್ಷರ ಇದ್ದರೆ ಹೇಗೆ ಕೂರಿಸಬಹುದು ಅಂತ ಬರೆದು ತೋರಿಸುತ್ತೇನೆ.