ಬೋರ್ ಪಾಯಿಂಟಿಗೆ ಮ್ಯಾಗ್ನೆಟಿಕ್ ಸರ್ವೆ, ಗ್ರಾವಿಟಿ ಸರ್ವೆ: ಯಾವುದಕ್ಕೆ ದುಡ್ಡು ಹಾಕಬೇಕು?

ಶಿರಾ ಕಡೆಯ ಸದಸ್ಯರು ಕೇಳಿದ್ದು ಇಷ್ಟು: ನಾಲ್ಕು ಎಕರೆ ಅಡಿಕೆ ತೋಟ, ಮೂರು ಬೋರ್ ಫೇಲ್. ಪಡುವಣ ಗುಡ್ಡದಿಂದ ಕರಿಕಲ್ಲಿನ ಸಾಲೊಂದು ತೋಟದ ಕಡೆಗೇ ಬಂದು ಕೆಂಪು ಮಣ್ಣಿನಡಿ ಮುಚ್ಚಿಹೋಗಿದೆ. ಮ್ಯಾಗ್ನೆಟಿಕ್, ಗ್ರಾವಿಟಿ ಎರಡನ್ನೂ ಸೇರಿಸಿ ಸರ್ವೆ ಮಾಡಿಕೊಡುತ್ತೇವೆ ಅಂತ ಒಬ್ಬರು ಬಂದಿದ್ದಾರೆ. ಮಾಡಿಸಬಹುದಾ?

ಮ್ಯಾಗ್ನೆಟಿಕ್ ಮಾಡಿಸಿ, ಗ್ರಾವಿಟಿ ಬಿಡಿ. ಆದರೆ ಮೊದಲು ಒಂದು ಮಾತು: ಈ ಎರಡರಲ್ಲಿ ಯಾವುದೂ ನೀರು ತೋರಿಸುವುದಿಲ್ಲ. ಒಂದು ಕಲ್ಲಿನ ಕಾಂತ ಗುಣ ಅಳೆಯುತ್ತದೆ, ಇನ್ನೊಂದು ಕಲ್ಲಿನ ತೂಕ. "ಮ್ಯಾಗ್ನೆಟಿಕ್ಕಿನಲ್ಲಿ ಇಷ್ಟು ಇಂಚು ನೀರು ಕಾಣ್ತಾ ಇದೆ" ಅಂದವರಿಗೂ ತೆಂಗಿನಕಾಯಿ ಹಿಡಿದು ಓಡಾಡುವವರಿಗೂ ಫರಕಿಲ್ಲ.

ನಿಮ್ಮ ಕರಿಕಲ್ಲಿನ ಸಾಲು ಡೈಕ್, ಅಂದರೆ ಹಳೆಯ ಬಿರುಕಿನಲ್ಲಿ ಶಿಲಾರಸ ಏರಿ ಗಟ್ಟಿಯಾದ ಡಾಲರೈಟ್ ಗೋಡೆ. ಬಿರುಕಿಲ್ಲದ ಗಟ್ಟಿ ಡೈಕ್ ನೆಲದೊಳಗಿನ ಬದುವಿನ ಹಾಗೆ: ಮೇಲಿನಿಂದ ಹರಿದು ಬರುವ ಅಂತರ್ಜಲ ಅದಕ್ಕೆ ತಡೆದು ಮೇಲ್ಬದಿಯಲ್ಲಿ ನಿಲ್ಲುತ್ತದೆ, ಕೆಳಬದಿ ಒಣಗಿರುತ್ತದೆ. ಗೋಡೆ ಒಂದು ಕಡೆ ಒಡೆದಿದ್ದರೆ ನೀರು ಅಲ್ಲಿಂದ ನುಸುಳುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಆ ಗೋಡೆ ಮಣ್ಣಿನಡಿ ಯಾವ ಗೆರೆಯಲ್ಲಿ ಹೋಗಿದೆ, ಎಷ್ಟು ಅಗಲ ಇದೆ, ಎಲ್ಲಿ ತುಂಡಾಗಿದೆ ಅನ್ನುವುದು. ಇದನ್ನು ಮ್ಯಾಗ್ನೆಟೊಮೀಟರ್, ಅಂದರೆ ಕಾಂತಕ್ಷೇತ್ರ ಅಳೆಯುವ ಯಂತ್ರ, ಚೆನ್ನಾಗಿಯೇ ಹೇಳುತ್ತದೆ. ಡಾಲರೈಟಿನಲ್ಲಿ ಮ್ಯಾಗ್ನಟೈಟ್ ಎಂಬ ಕಾಂತ ಗುಣದ ಕಬ್ಬಿಣದ ಖನಿಜ ಇರುತ್ತದೆ, ಸುತ್ತಲಿನ ನೈಸ್ (ಪಟ್ಟೆ ಪಟ್ಟೆಯ ಬಿಳಿ-ಬೂದು ಕಲ್ಲು) ಕಲ್ಲಿನಲ್ಲಿ ಅದು ಬಹಳ ಕಡಿಮೆ.

ಸಾಮಾನ್ಯವಾಗಿ ತರುವುದು ಪ್ರೋಟಾನ್ ಮ್ಯಾಗ್ನೆಟೊಮೀಟರ್. ಕೋಲಿನ ತುದಿಯ ಡಬ್ಬಿಯಲ್ಲಿ ಸೀಮೆಎಣ್ಣೆಯಂಥ ಹೈಡ್ರೋಜನ್ ಇರುವ ದ್ರವ, ಸುತ್ತ ತಂತಿ ಸುರುಳಿ. ಕರೆಂಟ್ ಕೊಟ್ಟು ನಿಲ್ಲಿಸಿದಾಗ ಪ್ರೋಟಾನ್‌ಗಳು ಭೂಮಿಯ ಕಾಂತಕ್ಷೇತ್ರದ ಸುತ್ತ ಬುಗುರಿ ಥರ ತೂಗುತ್ತವೆ. ನಮ್ಮ ಕಡೆಯ ಸುಮಾರು 41,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಕ್ಷೇತ್ರದಲ್ಲಿ ಸೆಕೆಂಡಿಗೆ 1,745 ಸಲದಷ್ಟು. ಅದನ್ನು ಎಣಿಸಿದರೆ 1 ನ್ಯಾನೊಟೆಸ್ಲಾ, ಒಳ್ಳೆ ಯಂತ್ರದಲ್ಲಿ 0.1ರವರೆಗೂ ಲೆಕ್ಕ ಸಿಗುತ್ತದೆ. ಡೈಕ್ ಮೇಲೆ ಬರುವ ವ್ಯತ್ಯಾಸ ಹತ್ತಾರರಿಂದ ನೂರಾರು ನ್ಯಾನೊಟೆಸ್ಲಾ. ಮೊಬೈಲ್ ಆ್ಯಪ್ ಸಾಕಲ್ಲವೇ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ಫೋನಿನ ಸೆನ್ಸರ್ ಅಳೆಯುವುದು ಮೈಕ್ರೊಟೆಸ್ಲಾದಲ್ಲಿ. ಫೋನ್ ಸ್ವಲ್ಪ ವಾಲಿದರೂ ಒಂದೆರಡು ಮೈಕ್ರೊಟೆಸ್ಲಾ, ಅಂದರೆ ಸಾವಿರ ಎರಡು ಸಾವಿರ ನ್ಯಾನೊಟೆಸ್ಲಾ, ಆಚೀಚೆ ಆಗುತ್ತದೆ. ಅದರಲ್ಲಿ ಡೈಕ್ ಮುಳುಗಿಹೋಗುತ್ತದೆ.

ಲೈನ್ ಹಾಕುವುದು ಹೀಗೆ. ಡೈಕ್ ಪೂರ್ವ-ಪಶ್ಚಿಮ ಹೋಗಿರುವುದರಿಂದ ನಡೆಯುವ ಸಾಲುಗಳು ಉತ್ತರ-ದಕ್ಷಿಣ ಇರಬೇಕು, ಗೋಡೆಗೆ ಅಡ್ಡ. ನಾಲ್ಕು ಎಕರೆ ಅಂದರೆ ಹೆಚ್ಚುಕಡಿಮೆ 127 ಮೀಟರ್ ಚೌಕ. ಅಷ್ಟರಲ್ಲೇ ಅಳೆದರೆ ಮಾಮೂಲಿ ಮಟ್ಟ ಯಾವುದು, ಡೈಕಿನ ವ್ಯತ್ಯಾಸ ಯಾವುದು ಗೊತ್ತಾಗುವುದಿಲ್ಲ. ಪಕ್ಕದ ಹೊಲದವರನ್ನು ಕೇಳಿಕೊಂಡು 300 ಮೀಟರ್ ಉದ್ದ ಹಾಕಿಸಿ. 5 ಮೀಟರಿಗೊಂದು ರೀಡಿಂಗ್ ಆದರೆ ಸಾಲಿಗೆ 61. 30 ಮೀಟರ್ ಅಂತರದಲ್ಲಿ ನಾಲ್ಕು ಸಾಲು ಅಂದರೆ 244. ಒಂದೇ ದಿನದ ಕೆಲಸ. 20 ಮೀಟರಿಗೊಂದು ಸಾಕು ಅನ್ನುವವರನ್ನು ಒಪ್ಪಬೇಡಿ, 10-15 ಮೀಟರ್ ಅಗಲದ ಡೈಕ್ ಎರಡು ರೀಡಿಂಗ್ ನಡುವೆ ತಪ್ಪಿಸಿಕೊಳ್ಳುತ್ತದೆ. ಪ್ರತಿ ಜಾಗದಲ್ಲೂ ಎರಡು ಮೂರು ಸಲ ಓದಬೇಕು, 1-2 ನ್ಯಾನೊಟೆಸ್ಲಾ ಒಳಗೆ ಹೊಂದಬೇಕು. ಸೆನ್ಸರ್ ನೆಲದಿಂದ ಎರಡು ಎರಡೂವರೆ ಮೀಟರ್ ಮೇಲಿರಲಿ. ಕೆಳಗಿಟ್ಟರೆ ಕೆಂಪು ಮಣ್ಣಿನ ಜಂಬಿಟ್ಟಿಗೆ ಹರಳುಗಳೇ ಗದ್ದಲ ಎಬ್ಬಿಸುತ್ತವೆ.

ಕೆಲಸ ಕೆಡುವುದು ಹೆಚ್ಚಾಗಿ ಕಬ್ಬಿಣದಿಂದ. ಫೇಲಾದ ಬೋರುಗಳಲ್ಲಿ ಕಬ್ಬಿಣದ ಕೇಸಿಂಗ್ ಇನ್ನೂ ಇದ್ದರೆ ಅದು ನಿಂತ ಅಯಸ್ಕಾಂತವೇ ಸರಿ. 20-30 ಮೀಟರ್ ಒಳಗಿನ ರೀಡಿಂಗ್ ನಂಬಬೇಡಿ. ಪಿವಿಸಿ ಕೇಸಿಂಗ್ ಆದರೆ ತೊಂದರೆಯಿಲ್ಲ. (ಕೇಸಿಂಗ್ ಕಿತ್ತ ಗುಂಡಿಗಳನ್ನು ಮುಚ್ಚಿದ್ದೀರಿ ತಾನೆ? ಇಲ್ಲದಿದ್ದರೆ ಸರ್ವೆಗಿಂತ ಮೊದಲು ಅದು.) ಮುಳ್ಳುತಂತಿ ಬೇಲಿ, ಶೀಟ್ ಮನೆ, ಒಳಗೆ ಕಂಬಿ ಇರುವ ಸಿಮೆಂಟ್ ಕಂಬ, ಟ್ರ್ಯಾಕ್ಟರ್, ಬೈಕ್ ಎಲ್ಲವೂ ದೂರ ಇರಬೇಕು. ಡ್ರಿಪ್ ಪೈಪಿನಿಂದ ಏನೂ ಆಗುವುದಿಲ್ಲ. ಸೆನ್ಸರ್ ಹಿಡಿದವನ ಜೇಬಿನಲ್ಲಿ ಕೀಗೊಂಚಲು, ಮೊಬೈಲ್, ಚಾಕು ಇರಬಾರದು. ಬೆಲ್ಟಿನ ಬಕಲ್ ಕೂಡ ಬೇಡ. ವಿದ್ಯುತ್ ಲೈನ್ ಕೆಳಗೆ ಪ್ರೋಟಾನಿನ ಸಣ್ಣ ಸಿಗ್ನಲ್ ಗದ್ದಲದಲ್ಲಿ ಕಳೆದುಹೋಗುತ್ತದೆ. ಕರೆಂಟ್ ಇಲ್ಲದ ಹೊತ್ತು ಹೊಂದಿಸಿಕೊಂಡರೆ ಆ ಗದ್ದಲ ತಪ್ಪುತ್ತದೆ, ಕಂಬಗಳ ಕಬ್ಬಿಣ ಮಾತ್ರ ಅಲ್ಲೇ ಇರುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದಿಲ್ಲ. ಬಿಸಿಲೇರಿದಂತೆ ಮೇಲಿನ ವಾತಾವರಣದಲ್ಲಿ ಹರಿಯುವ ವಿದ್ಯುತ್ ಪ್ರವಾಹದಿಂದ ಭೂಮಿಯ ಕ್ಷೇತ್ರವೇ ಏರಿ ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟಿ ಇಳಿಯುತ್ತದೆ. ದಕ್ಷಿಣ ಭಾರತದಲ್ಲಿ ಈ ಏರಿಳಿತ ಹತ್ತಾರು ನ್ಯಾನೊಟೆಸ್ಲಾ. ಇದನ್ನು ಕಳೆಯಲು ಇನ್ನೊಂದು ಮ್ಯಾಗ್ನೆಟೊಮೀಟರ್ ಒಂದೇ ಜಾಗದಲ್ಲಿ ನಿಂತು ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಓದುತ್ತಿರಬೇಕು. ಒಂದೇ ಯಂತ್ರ ಇದ್ದರೆ 20-30 ನಿಮಿಷಕ್ಕೊಮ್ಮೆ ಮೊದಲ ಜಾಗಕ್ಕೆ ವಾಪಸ್ ಬಂದು ಓದಬೇಕು. ಇದನ್ನು ಮಾಡದೆ ಹೋದರೆ ಬೆಳಗ್ಗೆ ಅಳೆದ ಸಾಲಿಗೂ ಮಧ್ಯಾಹ್ನ ಅಳೆದ ಸಾಲಿಗೂ ನಡುವೆ ಇಲ್ಲದ ಡೈಕ್ ಒಂದು ಹುಟ್ಟಿಕೊಳ್ಳುತ್ತದೆ!

ಗ್ರಾಫ್ ಓದುವಾಗ ಎಚ್ಚರ. ಇಂಟರ್ನೆಟ್ಟಿನಲ್ಲಿ ಸಿಗುವ ಚಿತ್ರಗಳು ಬಹುಪಾಲು ಉತ್ತರದ ದೇಶಗಳವು, ಅಲ್ಲಿ ಡೈಕ್ ಮೇಲೆ ಗ್ರಾಫ್ ಉಬ್ಬುತ್ತದೆ. ಕಾಂತ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುವುದರಿಂದ ಶಿರಾದಲ್ಲಿ ಕಾಂತರೇಖೆಗಳು ನೆಲಕ್ಕೆ 12ರಿಂದ 15 ಡಿಗ್ರಿಯಷ್ಟೇ ಬಾಗಿವೆ, ಹೆಚ್ಚುಕಡಿಮೆ ಮಲಗಿದ ಹಾಗೆ. ಆದ್ದರಿಂದ ಇಲ್ಲಿ ಪೂರ್ವ-ಪಶ್ಚಿಮ ಡೈಕ್ ಮೇಲೆ ಗ್ರಾಫ್ ತಗ್ಗಾಗುತ್ತದೆ, ತಗ್ಗಿನ ದಕ್ಷಿಣಕ್ಕೆ ಸಣ್ಣ ಉಬ್ಬು ಇರುತ್ತದೆ. ಡೈಕಿನ ನಡುಭಾಗ ತಗ್ಗಿನ ತಳದಿಂದ ಸ್ವಲ್ಪ ದಕ್ಷಿಣಕ್ಕೆ. ಉಬ್ಬಿನ ಮೇಲೆ ಪಾಯಿಂಟ್ ಗುರುತು ಹಾಕಿ ದುಡ್ಡು ಇಸಿದುಕೊಂಡು ಹೋಗುವವರಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಕಲ್ಲು ತಣ್ಣಗಾದ ಕಾಲದ ಹಳೆಯ ಕಾಂತತೆ ಒಳಗೆ ಉಳಿದಿದ್ದರೆ ಈ ಆಕಾರ ತಲೆಕೆಳಗಾಗಲೂಬಹುದು. ಪರೀಕ್ಷೆ ಸುಲಭ: ಮೊದಲ ಸಾಲನ್ನು ಗುಡ್ಡದ ಬುಡದಲ್ಲಿ, ಕರಿಕಲ್ಲು ಕಣ್ಣಿಗೆ ಕಾಣುವ ಜಾಗದಲ್ಲೇ ಹಾಕಿಸಿ. ಅಲ್ಲಿ ಗ್ರಾಫ್ ಹೇಗೆ ಬರುತ್ತದೋ ತೋಟದಲ್ಲೂ ಅದೇ ಆಕಾರ ಹುಡುಕಿ.

ನಿಮ್ಮ ಡೈಕ್ ಪೂರ್ವ-ಪಶ್ಚಿಮ ಇರುವುದು ಪುಣ್ಯ. ಉತ್ತರ-ದಕ್ಷಿಣ ಹೋದ ಡೈಕ್ ಈ ಸೀಮೆಯಲ್ಲಿ ಕಾಂತರೇಖೆಗಳ ಜೊತೆಗೇ ಮಲಗುವುದರಿಂದ, ಹಳೆಯ ಕಾಂತತೆ ಇಲ್ಲದಿದ್ದರೆ, ಗ್ರಾಫಿನಲ್ಲಿ ಏನೂ ಕಾಣದೆ ಹೋಗಬಹುದು. ಹಾಗಂತ ಅಲ್ಲಿ ಡೈಕ್ ಇಲ್ಲ ಅಂತಲ್ಲ. ವಿಜಯಪುರ, ಬೀದರ್ ಕಡೆಯವರು ಇದನ್ನು ಹಾಗೇ ನಕಲು ಮಾಡಬೇಡಿ. ನಿಮ್ಮಲ್ಲಿ ಕಪ್ಪು ಮಣ್ಣಿನಡಿ ಇರುವ ಬಸಾಲ್ಟೇ ಕಾಂತ ಕಲ್ಲು, ಹಾಗಾಗಿ ಡೈಕ್ ಇಲ್ಲಿಯ ಹಾಗೆ ಬೇರೆಯಾಗಿ ಎದ್ದು ಕಾಣುವುದಿಲ್ಲ.

ಆಳದ ಅಂದಾಜಿಗೆ ತಗ್ಗಿನ ಅರ್ಧ ಎತ್ತರದಲ್ಲಿ ಅದರ ಅಗಲ ಅಳೆದು ಎರಡರಿಂದ ಭಾಗಿಸಿ. ಅಗಲ 24 ಮೀಟರ್ ಬಂದರೆ ಡೈಕಿನ ತಲೆ ಸೆನ್ಸರಿನಿಂದ ಸುಮಾರು 12 ಮೀಟರ್ ಕೆಳಗೆ. ಇದು ತೆಳು ಡೈಕಿಗೆ ಮಾತ್ರ. ಡೈಕೇ ಅಗಲವಾಗಿದ್ದರೆ ಈ ಲೆಕ್ಕ ಆಳವನ್ನು ಜಾಸ್ತಿ ತೋರಿಸುತ್ತದೆ.

ಈಗ ಗ್ರಾವಿಟಿ ಯಾಕೆ ಬೇಡ ಅನ್ನುವುದು. 15 ಮೀಟರ್ ಅಗಲದ ಡೈಕ್ ನೈಸಿಗಿಂತ ಘನ ಸೆಂಟಿಮೀಟರಿಗೆ 0.25 ಗ್ರಾಂ ಭಾರ, 10 ಮೀಟರಿನಿಂದ 500 ಮೀಟರ್ ಆಳದವರೆಗೆ ಇದೆ ಅಂದುಕೊಳ್ಳಿ. ಅದರಿಂದ ಸಿಗುವುದು 0.2 ಮಿಲಿಗ್ಯಾಲ್ (ಭೂಮಿಯ ಸೆಳೆತದ ವ್ಯತ್ಯಾಸ ಅಳೆಯುವ ಮಾನ). ಇತ್ತ ಬರೀ 10 ಸೆಂಟಿಮೀಟರ್ ಎತ್ತರ ತಪ್ಪಾದರೆ 0.02 ಮಿಲಿಗ್ಯಾಲ್ ಹೋಯಿತು, ಅರ್ಧ ಮೀಟರ್ ತಪ್ಪಿದರೆ ಡೈಕಿನ ಅರ್ಧ ಅಲ್ಲೇ ಮಾಯ. ಹಾಗಾಗಿ ಪ್ರತಿ ಜಾಗದ ಎತ್ತರ ಆಟೋಲೆವೆಲ್‌ನಿಂದ ಎರಡು ಮೂರು ಸೆಂಟಿಮೀಟರ್ ಒಳಗೆ ತೆಗೆಯಬೇಕು. ಮೊಬೈಲ್ ಜಿಪಿಎಸ್ ಎತ್ತರ ನಡೆಯುವುದಿಲ್ಲ. ಉತ್ತರಕ್ಕೆ 100 ಮೀಟರ್ ಹೋದರೆ ಅಕ್ಷಾಂಶದಿಂದಲೇ 0.037 ಮಿಲಿಗ್ಯಾಲ್ ಬದಲಾಗುತ್ತದೆ. ಸೂರ್ಯ-ಚಂದ್ರರ ಸೆಳೆತ ಬೇರೆ, ಯಂತ್ರದ ಸ್ಪ್ರಿಂಗ್ ಸಡಿಲಾಗುವುದು ಬೇರೆ; ಗಂಟೆ ಎರಡು ಗಂಟೆಗೊಮ್ಮೆ ಬೇಸಿಗೆ, ಅಂದರೆ ಮೊದಲು ಓದಿದ ಜಾಗಕ್ಕೆ, ಬಂದು ಓದಲೇಬೇಕು. 8 ಮೀಟರ್ ಅಗಲ, 15 ಮೀಟರ್ ಆಳದ ಬತ್ತಿದ ಬಾವಿ 10 ಮೀಟರ್ ದೂರದಲ್ಲಿದ್ದರೆ ಆ ಖಾಲಿ ಜಾಗವೇ 0.04 ಮಿಲಿಗ್ಯಾಲ್ ಕಡಿಮೆ ಮಾಡುತ್ತದೆ. ಪಡುವಣ ಗುಡ್ಡದ ಸೆಳೆತಕ್ಕೆ ಮಾಡಬೇಕಾದ ತಿದ್ದುಪಡಿ ಅದರ ಮೇಲೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸಿಗುವುದು ಮ್ಯಾಗ್ನೆಟಿಕ್ ಆಗಲೇ ಹೇಳಿದ ಗೆರೆಯೇ.

ಗ್ರಾವಿಟಿಗೆ ಜಾಗ ಇದೆ, ಆದರೆ ಅದು ದೊಡ್ಡ ಅಳತೆಯಲ್ಲಿ. ರಾಮನಗರದ ಹಳೆ ಹೆಸರು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಹಗುರ, ಚಿತ್ರದುರ್ಗದ ಶಿಸ್ಟ್ ಪಟ್ಟಿ ಭಾರ. ಇವುಗಳ ಅಂಚನ್ನು, ಆಳವನ್ನು ಹಿಡಿಯಲು ಅದು ಸರಿಯಾದ ಸಾಧನ. ಕೊಳೆತ ಕಲ್ಲು ತುಂಬಿದ ಅಗಲ ಕಣಿವೆ ಹುಡುಕಲೂ ಆಗುತ್ತದೆ: 20 ಮೀಟರ್ ದಪ್ಪ, 0.6 ಗ್ರಾಂ ವ್ಯತ್ಯಾಸ ಇದ್ದರೆ ಸುಮಾರು 0.5 ಮಿಲಿಗ್ಯಾಲ್. ದೊಡ್ಡ ಚಿತ್ರ ಬೇಕಾದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ ನೋಡಿ. ಆ ನಕ್ಷೆಗಳಲ್ಲಿ ನಿಮ್ಮ ತೋಟ ಒಂದು ಚುಕ್ಕೆಯೂ ಆಗುವುದಿಲ್ಲ.

ಗೆರೆ ಸಿಕ್ಕ ಮೇಲೆ ಡೈಕ್ ಮೇಲೇ ಕೊರೆಯಬೇಡಿ. ಕಪ್ಪು-ಹಸಿರು ಪುಡಿ ಬರುತ್ತದೆ, ಬಿಟ್ ಸವೆಯುತ್ತದೆ, ನೀರು ಸಾಮಾನ್ಯವಾಗಿ ಬರುವುದಿಲ್ಲ. ಇಳಿಜಾರಿನ ಮೇಲ್ಬದಿಯಲ್ಲಿ, ಡೈಕಿನ ಅಂಚಿನಿಂದ ಸ್ವಲ್ಪ ಈಚೆ, ನೈಸ್ ಒಡೆದಿರುವ ಪಟ್ಟಿಯನ್ನು ಹಿಡಿಯಬೇಕು. ಗ್ರಾಫಿನ ತಗ್ಗು ಒಂದು ಸಾಲಿನಲ್ಲಿ ಇದ್ದು ಪಕ್ಕದ ಸಾಲಿನಲ್ಲಿ ಮಾಯವಾದರೆ ಅಥವಾ ಪಕ್ಕಕ್ಕೆ ಜರುಗಿದರೆ ಅಲ್ಲಿ ಅಡ್ಡ ಬಿರುಕು ಇರಬಹುದು. ಅದನ್ನು ಮೊದಲು ನೋಡಿ. ಆಯ್ಕೆ ಮಾಡಿದ ಎರಡು ಮೂರು ಜಾಗದಲ್ಲಿ ರೆಸಿಸ್ಟಿವಿಟಿ ಸೌಂಡಿಂಗ್ (ಸಲಾಕೆಗಳಿಂದ ನೆಲಕ್ಕೆ ಕರೆಂಟ್ ಹಾಯಿಸಿ ಕೆಳಗಿನ ಪದರಗಳ ವಿದ್ಯುತ್ ತಡೆ ಅಳೆಯುವುದು) ಮಾಡಿಸಿ, ಹೊರಗಿನ ಎರಡು ಸಲಾಕೆಗಳ ಅಂತರ 200-300 ಮೀಟರ್ ಆದರೂ ಆಗಲಿ. ಗ್ರಾವಿಟಿಗೆ ಕೊಡಬೇಕೆಂದಿದ್ದ ದುಡ್ಡು ಇಲ್ಲಿ ಹಾಕಿ. ಫೇಲಾದ ಮೂರು ಬೋರು ಗೆರೆಯ ಯಾವ ಬದಿಗಿವೆ ಅಂತ ಅದೇ ನಕ್ಷೆಯಲ್ಲಿ ಗುರುತು ಹಾಕಿ. ಮೂರೂ ಕೆಳಬದಿಗೇ ಇದ್ದರೆ ಕಾರಣ ಬಹುಪಾಲು ಅಲ್ಲೇ ಸಿಗುತ್ತದೆ.

ಸರ್ವೆಯವರಿಂದ ಬಣ್ಣದ ನಕ್ಷೆಯೊಂದನ್ನೇ ಪಡೆದು ಸುಮ್ಮನಾಗಬೇಡಿ. ಪ್ರತಿ ರೀಡಿಂಗಿನ ಹೊತ್ತು, ಜಾಗ, ತಿದ್ದದ ಸಂಖ್ಯೆ, ಬೇಸಿನ ಪಟ್ಟಿ ಎಲ್ಲ ಎಕ್ಸೆಲ್‌ನಲ್ಲಿ ಬೇಕು ಅಂತ ಮುಂಗಡ ಕೊಡುವ ಮೊದಲೇ ಹೇಳಿ. ಇಲ್ಲಿ ಹಾಕಿದರೆ ಗ್ರಾಫ್ ಬರೆದು ನೋಡಬಹುದು. ಜಾಗ ಗುರುತಿಸಲು ಸುಣ್ಣ ಹಚ್ಚಿದ ಕಲ್ಲು ಅಥವಾ ಬಿದಿರು ಗೂಟ ಬಳಸಿ, ಕಬ್ಬಿಣದ ಗೂಟ ಮಾತ್ರ ಹೊಡೆಯಬೇಡಿ.